ಮುಟ್ಟದ ಫೈಲು

ಆಂಬುಲೆನ್ಸ್ ಕುರುಬರ ಓಣಿಯೊಳಗೆ ಹಿಡಿಸಲಿಲ್ಲ. ಮಕ್ತಲ್ ಬಸ್‌ಸ್ಟ್ಯಾಂಡಿನ ಕಡೆಯಿಂದ ತೆಲಂಗಾಣ ಬೇರೆ ರಾಜ್ಯವಾದ ಖುಷಿಯ ಮೆರವಣಿಗೆ ಹೊರಟಿತ್ತು. ಪಟಾಕಿ, ಡಪ್ಪಿನ ಸದ್ದು, ಗಾಳಿಯಲ್ಲೆಲ್ಲ ಗುಲಾಬಿ ಬಣ್ಣದ ಗುಲಾಲು. ನಾಲ್ವರು ಭೀಮಶಂಕರನ ಹೆಣವನ್ನು ಸ್ಟ್ರೆಚರ್ ಸಮೇತ ಇಳಿಸಿ ಹೆಗಲು ಕೊಟ್ಟರು. ಹಿಂದೆ ನಡೆಯುತ್ತಿದ್ದ ಅವನ ಹೆಂಡತಿ ರಜಿತಾ, ಬಿಳಿ ಬಟ್ಟೆಯ ಮೇಲೆ ಬೀಳುತ್ತಿದ್ದ ಗುಲಾಲನ್ನು ಮನೆ ಮುಟ್ಟುವವರೆಗೂ ಸೆರಗಿನಿಂದ ಕೊಡವುತ್ತಲೇ ಇದ್ದಳು.

ಹಿಂದಿನ ದಿನ ಹೈದರಾಬಾದಿನಲ್ಲಿ ಊಟಕ್ಕೆ ಕುಳಿತವನು ಎದೆ ಹಿಡಿದುಕೊಂಡು ಗೋಡೆಗೆ ಒರಗಿದ್ದ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಲವತ್ತರ ಆಸುಪಾಸಿನವನು.

"ಜಲ್ದಿ ನೀರು ಹಾಕ್ರಿ," ಚಿಕ್ಕಪ್ಪ ಪೆದ್ದಯ್ಯ ಅವಸರ ಮಾಡಿದ. ಭೀಮಶಂಕರನಿಗೆ ಮಕ್ಕಳಿರಲಿಲ್ಲ, ಹೆಣದ ಮುಂದೆ ನಡೆಯಬೇಕಾದವನು ಈ ಚಿಕ್ಕಪ್ಪನೇ. "ಮೆರವಣಿಗಿ ತಿರುಗಿ ಈ ಕಡೆ ಬಂತಂದ್ರ ಮಣ್ಣಿಗೆ ಹೋಗಾಕ ದಾರಿ ಸಿಗಂಗಿಲ್ಲ."

"ಜಮ್ಮುಲಮ್ಮ ಬರಲಿ," ಎಂದಳು ತಾಯಿ ಹನುಮಮ್ಮ. "ಗದ್ವಾಲದಾಗ ಬಸ್ ಹತ್ಯಾಳಂತ. ಅಣ್ಣನ ಮುಖ ತಂಗಿ ನೋಡಲಾರದ ಹ್ಯಾಂಗ ಎತ್ತತೀರಿ?"

ರಜಿತಾ ತಲೆಯೆತ್ತಿದಳು. ಬೆಳಗಿನಿಂದ ಮೊದಲ ಸಲ ಬಾಯಿ ಬಿಟ್ಟಳು.

"ಆಕಿ ಈ ಹೊಸ್ತಿಲು ದಾಟಬಾರದು ಅತ್ತಿ. ಬದುಕಿದ್ದಾಗ ಐದು ವರ್ಷ ಮುಖ ನೋಡಲಿಲ್ಲ. ಈಗೇನು ನೋಡಾಕ ಬರ್ತಾಳ?"

ಅಂಗಳದಲ್ಲಿ ಅಳು ನಿಂತುಬಿಟ್ಟಿತು. ಹನುಮಮ್ಮ ಸೊಸೆಯ ಮುಖ ನೋಡಿದಳು, ಮಗನ ಕಡೆ ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡಳು.

ಹೊರಗೆ ಬೇವಿನ ಗಿಡದ ಕೆಳಗೆ ಕುಳಿತಿದ್ದ ದೂರದ ನೆಂಟ ಸಾಯಣ್ಣ ಪಕ್ಕದಮನೆಯ ತಿರುಪತಮ್ಮನನ್ನು ಮೆಲ್ಲಗೆ ಕೇಳಿದ, "ದವಾಖಾನಿದಾಗ ಡಾಕ್ಟರ್ ಇದ್ನೇನು ಇಂವ?"

"ಎಲ್ಲಿ ಡಾಕ್ಟರ್! ಮಕ್ಕಳ ದವಾಖಾನಿ ಅದು. ಕೂಸುಗಳ ಫೈಲ್ ಓದಿ, ಯಾವ ಜಡ್ಡಿಗೆ ಯಾವ ನಂಬರ್ ಅಂತ ಕಂಪ್ಯೂಟರಿಗೆ ಹಾಕೋ ಕೆಲಸ. ಊರಿಗೆ ಬಂದ ಅಂದ್ರ ಚಾ ಕುಡಿಯೂಕಿಂತ ಮುಂಚೆ ನಮ್ಮ ಮನ್ಯಾಗಿನ ಗ್ವಾಡಿ ಮಾಡ ಹುಡುಕಾಕ ಹತ್ತತಿದ್ದ. 'ಅಕ್ಕಾ, ಹತ್ತಿಗೆ ಹೊಡಿಯೋ ಎಣ್ಣಿ ಎಲ್ಲಿ ಇಟ್ಟೀದಿ?' ಅಂತ. ಕೂಲ್‌ಡ್ರಿಂಕ್ ಬಾಟ್ಲಿದಾಗ ಕಂಡ್ತಂದ್ರ ಮುಗೀತು, ಊರೆಲ್ಲ ಕೇಳೂ ಹಂಗ ಬೈಯ್ಯಾವ. ನನ್ನ ಗಂಡ ಒಂದು ಸಲ ಅವನ ಕೂಡ ಜಗಳಕ್ಕೇ ನಿಂತಿದ್ದ."

"ಅಷ್ಟ್ಯಾಕ?"

ತಿರುಪತಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ತಂಗಿ ಮಗ ಹಂಗ ಹೋದ ಮ್ಯಾಲ."

*

ಐದು ವರ್ಷದ ಹಿಂದೆ, ಹತ್ತಿಗೆ ಹುಳ ಬಿದ್ದಿದ್ದ ಕಾಲ. ಜಮ್ಮುಲಮ್ಮನ ಗಂಡನ ಊರು ಮಾನೋಪಾಡಿನಲ್ಲಿ, ಮನೆಯ ಮೂಲೆಯಲ್ಲಿ ಹುಳಕ್ಕೆ ಹೊಡೆಯುವ ಎಣ್ಣೆ ತುಂಬಿಟ್ಟಿದ್ದ ಬಾಟಲಿಯನ್ನು ಅವಳ ಮಗ ಹನುಮಂತು ಎತ್ತಿ ಕುಡಿದಿದ್ದ. ಮೂರು ವರ್ಷದ ಮಗು. ಗದ್ವಾಲದ ಡಾಕ್ಟರು ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದಾಗ ಅವಳು ಹೈದರಾಬಾದಿನಲ್ಲಿ ಅಣ್ಣ ಕೆಲಸಕ್ಕಿದ್ದ ಆಸ್ಪತ್ರೆಗೇ ತಂದಳು. ಮಗು ಉಳಿಯಲಿಲ್ಲ.

ಅದಕ್ಕೂ ಹಿಂದಿನ ಸಂಜೆ ಅವಳು ಗಂಡನೊಡನೆ ಜಗಳವಾಡಿದ್ದಳು. ಹೆಣ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಗಂಡನ ಮನೆಯವರು, ಸಿಟ್ಟಿನಲ್ಲಿ ತಾಯಿಯೇ ಕುಡಿಸಿರಬೇಕು ಎಂದು ಪೊಲೀಸರ ಕಿವಿಗೆ ಹಾಕಿದರು.

ಫೈಲು ಭೀಮಶಂಕರನ ಮೇಜಿಗೆ ಬಂತು. ಅವಸರದಲ್ಲಿದ್ದ ಡ್ಯೂಟಿ ಡಾಕ್ಟರು, ಹೊಟ್ಟೆಗೆ ವಿಷ ಹೋಗಿದೆ ಎಂದಷ್ಟೇ ಗೀಚಿದ್ದರು. ತಾನಾಗಿ ಕುಡಿಯಿತೋ, ಯಾರಾದರೂ ಕುಡಿಸಿದರೋ, ಏನೂ ಇರಲಿಲ್ಲ. ಒಂದೊಂದಕ್ಕೂ ಬೇರೆ ಬೇರೆ ನಂಬರು. ಹೊರಗಿನ ಬೆಂಚಿನ ಮೇಲೆ ಪೊಲೀಸು ಕಾದು ಕುಳಿತಿದ್ದ.

ಜಮ್ಮುಲಮ್ಮ ರೆಕಾರ್ಡ್ ರೂಮಿನೊಳಗೆ ನುಗ್ಗಿ ಅಣ್ಣನ ಕೈ ಹಿಡಿದಳು.

"ತಿಳೀದ ಕುಡದಾನ ಅಂತ ಬರಿ ಅಣ್ಣಾ. ನಿನ್ನ ಕೈಯಾಗೇ ಐತಿ. ಒಂದು ನಂಬರ್ ಅಲ್ಲೇನು?"

ಭೀಮಶಂಕರ ಕೈ ಬಿಡಿಸಿಕೊಂಡ. ಅವನ ತುಟಿ ಬೆಳ್ಳಗಾಗಿತ್ತು.

"ಈ ಫೈಲ್ ನಾ ಮುಟ್ಟಾಂಗಿಲ್ಲ ಜಮ್ಮೂ."

ಪಕ್ಕದ ಮೇಜಿನ ನರೇಂದರ್ ಎದ್ದು ಬಂದು, "ಇಟ್ಲಿವ್ವು, ನೇನು ಚೂಸ್ಕುಂಟಾ," ಎಂದು ತಾನೇ ನೋಡಿಕೊಳ್ಳುವುದಾಗಿ ಹೇಳಿ ಫೈಲನ್ನು ತನ್ನ ಕಡೆಗೆ ಎಳೆದುಕೊಂಡ.

ಜಮ್ಮುಲಮ್ಮ ಅಣ್ಣನನ್ನೇ ನೋಡುತ್ತ ನಿಂತಳು. "ನಿನಗೂ ಅನುಮಾನ ಐತಿ," ಎಂದಳು. ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಪೊಲೀಸು ಬಾಗಿಲಿಗೆ ಬಂದು ಅವಳನ್ನು ಕರೆದ. ಅವಳು ತಿರುಗಿ ನೋಡದೆ ಹೋದಳು.

*

ನೀರು ಹಾಕಿ, ಹಣೆಗೆ ಮೈಲಾರನ ಭಂಡಾರ ಹಚ್ಚಿದ್ದಾಯಿತು. ಚಟ್ಟ ಸಿದ್ಧವಾಗಿತ್ತು. ಮೆರವಣಿಗೆಯ ಸದ್ದು ಓಣಿಯ ಬಾಯಿಗೇ ಬಂದಂತಿತ್ತು.

"ಇನ್ನ ತಡಿಯಾಕ ಆಗಂಗಿಲ್ಲ ಹನುಮಮ್ಮ," ಎಂದು ಪೆದ್ದಯ್ಯ ಎದ್ದ.

ಆಗಲೇ ಜಮ್ಮುಲಮ್ಮ ಓಣಿಯೊಳಗೆ ಓಡುತ್ತ ಬಂದಳು. ಬಸ್ಸು ಮೆರವಣಿಗೆಯಲ್ಲಿ ಸಿಕ್ಕಿಕೊಂಡಾಗ ಇಳಿದು ಜನರ ನಡುವೆ ನುಸುಳಿ ಬಂದಿದ್ದಳು. ತಲೆ, ಹೆಗಲು, ಸೀರೆಯೆಲ್ಲ ಗುಲಾಲು. ಸಾವಿನ ಮನೆಗೆ ಹೀಗೆ ಬಂದೆನಲ್ಲ ಎಂದು ಎರಡೂ ಕೈಯಿಂದ ಕೊಡವಿಕೊಳ್ಳುತ್ತ ಬಾಗಿಲಿಗೆ ಬಂದರೆ, ರಜಿತಾ ಅಡ್ಡ ನಿಂತಿದ್ದಳು.

"ದಾರಿ ಬಿಡು ಅತ್ತಿಗಿ."

"ಯಾಕ ಬಂದಿ?"

"ಮುಖ ನೋಡಾಕ." ಜಮ್ಮುಲಮ್ಮ ಉಸಿರು ಎಳೆದುಕೊಂಡಳು. "ಮತ್ತ ಒಂದು ಮಾತು ಕೇಳಾಕ. ನಾನ ಕುಡಿಸೀನಿ ಅಂತ ತಿಳಕೊಂಡಿದ್ನೇನು ಅವ?"

"ಸತ್ತಾವನ್ನ ಕೇಳ್ತೀದಿ ಈಗ? ನಿನ್ನ ಬಾಗಲ ಮುಂದ ಬಿಸಲಾಗ ನಿಂತಿದ್ದನಲ್ಲ, ಅವಾಗ ಕೇಳಬೇಕಿತ್ತು. ಮನ್ಯಾಗ ಇಲ್ಲ ಅಂತ ಹೇಳಿಸಿ ಕಳಿಸಿದಿ."

ಜಮ್ಮುಲಮ್ಮ ನೆಲ ನೋಡಿದಳು. "ಹೌದು. ಒಳಗ ಇದ್ದೆ."

"ಆ ಫೈಲಿನ್ಯಾಗ ಅವನ ನಂಬರ್ ಬರದು ಹಾಕಿದ್ದರ ನಿನ್ನ ಗಂಡನ ಮನ್ಯಾವರು ಸುಮ್ನ ಇರ್ತಿದ್ರೇನು? ಸೋದರಮಾವ ಬರಕೊಂಡಾನ ಅಂತ ಹರದು ಹಾಕ್ತಿದ್ದರು. ಪೊಲೀಸ್ರು ನಿಮ್ಮಿಬ್ಬರನ್ನೂ ಒಳಗ ಹಾಕ್ತಿದ್ದರು. ಅದಕ್ಕ ಮುಟ್ಟಲಿಲ್ಲ." ರಜಿತಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ದೊಡ್ಡ ಡಾಕ್ಟರ್ ಮನಿ ಮುಂದ ಹೋಗಿ ನಿಂತ. 'ಬಾಟ್ಲಿ ಯಾರು ತುಂಬಿಟ್ಟಿದ್ರು ಅಂತ ಎಲ್ಲರನ್ನೂ ಕೂಡಿಸಿ ಕೇಳ್ರಿ, ನಿಮ್ಮ ಕೈಲೆ ನೀವ ಬರೀರಿ' ಅಂದ. ಡಾಕ್ಟರ್ ಬೈದು ಕಳಿಸಿದ್ರು. ಮತ್ತ ಹೋದ. ನೌಕರಿ ತೆಗಿತೀನಿ ಅಂದ್ರು. ಮತ್ತೂ ಹೋದ."

ಜಮ್ಮುಲಮ್ಮನಿಗೆ ನೆನಪಾಯಿತು. ಬಿಳಿಗೂದಲಿನ ಡಾಕ್ಟರೊಬ್ಬರು ಬಂದು ಎಲ್ಲರನ್ನೂ ಎದುರು ಕೂರಿಸಿ, ಒಬ್ಬೊಬ್ಬರನ್ನೇ ಕೇಳಿದ್ದರು. ತನ್ನ ಕಿರಿಯ ಮಗನೇ ಎಣ್ಣೆಯನ್ನು ಆ ಬಾಟಲಿಗೆ ಸುರಿದು ಇಟ್ಟಿದ್ದ ಎಂದು ಅವಳ ಅತ್ತೆ ತಡವರಿಸುತ್ತ ಒಪ್ಪಿಕೊಂಡಿದ್ದಳು. ಮಗು ತಿಳಿಯದೆ ಕುಡಿದದ್ದು ಎಂದು ಡಾಕ್ಟರು ಬರೆದ ಮೇಲೆ, ಆ ದಿನವೇ ಪೊಲೀಸು ಎದ್ದು ಹೋಗಿದ್ದ.

"ಅದು ದವಾಖಾನಿ ಪದ್ಧತಿ ಅಂತ ತಿಳಕೊಂಡಿದ್ದೆ," ಎಂದಳು. "ನನಗ ಯಾಕ ಹೇಳಲಿಲ್ಲ ಅವ?"

"ಹೇಳಾಕಂತ ಬಂದಾಗ ಬಾಗಲ ಹಾಕಿದಿ."

ಹನುಮಮ್ಮ ಗೋಡೆ ಹಿಡಿದು ಎದ್ದು ಬಂದು ಸೊಸೆಯ ತೋಳಿನ ಮೇಲೆ ಕೈಯಿಟ್ಟಳು. ರಜಿತಾ ಆ ಕೈಯನ್ನು ಸರಿಸಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕಕ್ಕೆ ತಿರುಗಿ, ಒಬ್ಬರು ಹೋಗುವಷ್ಟು ದಾರಿ ಬಿಟ್ಟಳು.

"ಜಲ್ದಿ ನೋಡ್ಕೋ."

ಜಮ್ಮುಲಮ್ಮ ಅಣ್ಣನ ತಲೆಯ ಹತ್ತಿರ ಕುಳಿತಳು. ಗುಲಾಲಿನ ಕೈಯನ್ನು ಸೀರೆಯ ಒಳಮಡಿಕೆಗೆ ಒರೆಸಿ ಒರೆಸಿ, ಆಮೇಲೆ ಮುಖ ಮುಟ್ಟಿದಳು. ಕೆನ್ನೆ ಬತ್ತಿತ್ತು. ಕಿವಿಯ ಪಕ್ಕದ ಕೂದಲು ನರೆತಿತ್ತು. ಮೂಗಿನ ಬುಡದಲ್ಲಿ, ಎರಡೂ ಕಡೆ, ಚರ್ಮ ಒಳಕ್ಕೆ ಒತ್ತಿಕೊಂಡ ಸಣ್ಣ ಗುರುತುಗಳಿದ್ದವು.

"ಇದೇನು ಅತ್ತಿಗಿ? ಪೆಟ್ಟು ಬಿದ್ದಿತ್ತೇನು?"

"ಚಸ್ಮಾದ್ದು," ರಜಿತಾ ಬಾಗಿಲಲ್ಲೇ ನಿಂತು ಹೇಳಿದಳು. "ಹಾಕ್ಕೊಳ್ಳಾಕ ಹತ್ತಿ ಮೂರು ವರ್ಷ ಆತು."

ಜಮ್ಮುಲಮ್ಮ ಅವನನ್ನು ಕನ್ನಡಕದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಅಂಗಳದಿಂದ ಪೆದ್ದಯ್ಯ ಕೂಗಿದ. ಗಂಡಸರು ಒಳಗೆ ಬಂದು ಬಿದಿರಿಗೆ ಕೈ ಹಾಕಿದರು. ಅವಳು ಹೆಬ್ಬೆರಳಿನಿಂದ ಆ ಗುರುತುಗಳನ್ನು ಮೆಲ್ಲಗೆ, ಒಂದಾದ ಮೇಲೊಂದು, ತೀಡುತ್ತಲೇ ಇದ್ದಳು.