ಕುಸುಬಿ ಎಣ್ಣೆ ಕುಡಿದ ಬಂದೂಕು

ಭಾನುವಾರ ನಸುಕಿನಲ್ಲೇ ಎದ್ದ ಚಂದ್ರಾಮ ಸ್ನಾನ ಮಾಡಿ, ಹಣೆಗೆ ಭಂಡಾರ ಹಚ್ಚಿಕೊಂಡು, ಗೋಡೆಯ ಮೇಲಿನ ಮಾಳಿಂಗರಾಯ ದೇವರ ಪಟಕ್ಕೆ ಕೈಮುಗಿದ. ಆಮೇಲೆ ಟ್ರಂಕಿನ ಬೀಗ ತೆಗೆದು ಬಂದೂಕನ್ನು ಹೊರತಂದು, ತೋಟಾಗಳನ್ನು ಬೇರೆ ಡಬ್ಬಿಯಲ್ಲಿಟ್ಟು ಮುಚ್ಚಿ, ಜ್ವರ ಬಂದ ಕೂಸನ್ನು ಮಲಗಿಸಿಕೊಂಡ ಹಾಗೆ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ.

ಮುಲುಂಡಿನ ಗುಡ್ಡದ ಬುಡದಲ್ಲಿರುವ ಆ ಚಾಳಿನಲ್ಲಿ ಅವನನ್ನು ಎಲ್ಲರೂ ಗನ್‌ಮನ್ ಕಾಕಾ ಎಂದೇ ಕರೆಯುತ್ತಿದ್ದರು. ವಿಲೆ ಪಾರ್ಲೆಯ ಒಂದು ಬ್ಯಾಂಕಿನ ಬಾಗಿಲಲ್ಲಿ ಹನ್ನೆರಡು ವರ್ಷ ನಿಂತವನು. ಬಂದೂಕು ಸೋದರಮಾವನ ಕಾಲದ್ದು, ಚಂದ್ರಾಮನಿಗಿಂತ ಹಿರಿಯದು. ಶುಕ್ರವಾರ ತಪಾಸಣೆಗೆ ಬಂದ ಕಾವಲು ಕಂಪನಿಯ ಸೂಪರ್‌ವೈಸರ್ ಅನಿಲ, ತೋಟಾ ತುಂಬಲು ಹಿಂದಕ್ಕೆಳೆಯುವ ಬೋಲ್ಟು ತೆಗೆದು ತೋರಿಸಲು ಹೇಳಿದ್ದ. ಚಂದ್ರಾಮ ಎಳೆದ, ಬರಲಿಲ್ಲ. ಮೊಣಕಾಲಿಗೆ ಆನಿಸಿ ಎಳೆದ; ಹಳೇ ಬಾವಿಯ ಗಾಲಿಯಂತೆ ನರಳಿ ಅರ್ಧಕ್ಕೆ ಬಂದು ನಿಂತಿತು. ಸೋಮವಾರ ಮತ್ತೆ ನೋಡುತ್ತೇನೆ, ಹೀಗೇ ಇದ್ದರೆ ಬಂದೂಕೂ ಮನೆಗೆ, ಕಾಕಾನೂ ಮನೆಗೆ ಎಂದು ಹೇಳಿ ಅನಿಲ ಹೊರಟುಹೋಗಿದ್ದ. ಐವತ್ತೇಳು ದಾಟಿದವನಿಗೆ ಇನ್ನೊಂದು ಬಾಗಿಲು ಯಾರು ಕೊಡುತ್ತಾರೆ?

"ಮಳಿಗಾಲದ ಹಸಿ ಹೊಕ್ಕೈತೇನ್ರಿ ಅದಕ್ಕ?" ರುಕ್ಮಿಣಿಬಾಯಿ ಚಹಾ ಇಟ್ಟು ಕೇಳಿದಳು.

"ಅದ ಇರಬೇಕು. ಸಿಕಂದರನ್ನ ಕರದೇನಿ. ನೋಡೂಣು."

ಅವಳು ಕೊಡ ಎತ್ತಿಕೊಂಡು ನಳದ ಸಾಲಿಗೆ ಹೋದಳು. ಆ ಹೊತ್ತಿಗೆ ಎರಡು ಖೋಲಿ ಆಚೆಯ ಸಿಕಂದರ ಬಂದ. ಅವನು ಗ್ರಾಂಟ್ ರೋಡಿನ ಗಲ್ಲಿಯೊಂದರಲ್ಲಿ ಹೊಲಿಗೆ ಮಷೀನು ರಿಪೇರಿ ಮಾಡುವವನು, ಚಂದ್ರಾಮನ ಹಾಗೆ ವಿಜಾಪುರದ ಕಡೆಯವನೇ. ಒಂದು ಕೈಯಲ್ಲಿ ಸೀಮೆಎಣ್ಣೆಯ ಶೀಸೆ, ಇನ್ನೊಂದರಲ್ಲಿ ಮಷೀನ್ ಎಣ್ಣೆಯ ಸಣ್ಣ ಡಬ್ಬಿ.

"ಚಂದ್ರಾಮಣ್ಣ, ನಾ ಇದನ್ನ ಮುಟ್ಟಾಂಗಿಲ್ಲ. ಲೈಸೆನ್ಸ್ ನಿಂದು, ಕೈ ನಿಂದು. ಬಾಯಿ ಅಷ್ಟ ನಂದು."

"ನಿನ್ನ ಬಾಯಿಗಿ ಯಾರೂ ಲೈಸೆನ್ಸ್ ಕೇಳಿಲ್ಲ ಬಿಡೊ."

ಸಿಕಂದರ ಹೇಳಿದ ಹಾಗೆ ಚಂದ್ರಾಮ ಬೋಲ್ಟಿನ ಸಂದಿಗೆ ನಾಲ್ಕು ಹನಿ ಸೀಮೆಎಣ್ಣೆ ಬಿಟ್ಟ. "ಅವಸರ ಮಾಡಬ್ಯಾಡ. ಎಮ್ಮಿ ಕೆರ್ಯಾಗ ಕುಂತಂಗ ಕುಂದರ್ಲಿ," ಎಂದು ಸಿಕಂದರ ಹೊಸ್ತಿಲ ಮೇಲೆ ಕೂತು ಚಹಾ ಮುಗಿಸಿದ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಹಿಂದೆ ಮುಂದೆ ಆಡಿಸಿದಾಗ ಬೋಲ್ಟು ಸಡಿಲಿ, ಕೊನೆಗೆ ಪೂರ್ತಿ ಕಳಚಿ ಕೈಗೆ ಬಂತು. ಅದರ ಮೈತುಂಬ ಹಳದಿ ಅಂಟು. ಬೆಲ್ಲದ ಪಾಕ ಬೋಗುಣಿಯ ತಳಕ್ಕೆ ಕಚ್ಚಿಕೊಂಡ ಹಾಗೆ ಪದರದ ಮೇಲೆ ಪದರ. ತುಕ್ಕಿನ ಸುಳಿವೇ ಇರಲಿಲ್ಲ.

ಸಿಕಂದರ ಬಗ್ಗಿ ಮೂಸಿದ. ನಕ್ಕ. "ಅರೆ ಭಾಯಿ, ಇದು ಹಸಿ ಅಲ್ಲ, ಅಡಗಿಮನಿ! ನನ್ನ ಕಡೆ ಹೆಣ್ಮಕ್ಕಳು ಮಷೀನಿಗಿ ಇದನ್ನ ಹಾಕ್ಕೊಂಡು ಬರ್ತಾರ. ಮೊದಲು ಗಡಗಡ ಓಡ್ತೈತಿ, ಆಮ್ಯಾಲ ಒಣಗಿ ಗೋಂದಾಗಿ ಕುಂದರ್ತೈತಿ. ಕುಸುಬಿ ಎಣ್ಣಿ ಯಾರಪ್ಪ ಹಾಕ್ಯಾರ ಇದಕ?"

ಚಂದ್ರಾಮ ಮಾಳಿಂಗರಾಯನ ಮುಂದಿನ ದೀಪದ ಕಡೆ ತಿರುಗಿ ನೋಡಿದ.

ಅವರ ಊರಲ್ಲಿ ಖಂಡೇನವಮಿಯ ದಿನ ಮನೆಯ ಕಬ್ಬಿಣವನ್ನೆಲ್ಲ, ಕುಡುಗೋಲು, ಕೊಡಲಿ, ಕುಳ, ದೇವರ ಮುಂದೆ ಮಲಗಿಸಿ, ನಂದಾದೀಪದಲ್ಲಿ ಉಳಿದ ಎಣ್ಣೆಯನ್ನು ಸವರುವುದು ರೂಢಿ. ಕುಡುಗೋಲಿಗೆ ಹೊಟ್ಟೆಯಿಲ್ಲ; ಸವರಿದ್ದು ಬೆನ್ನ ಮೇಲೇ ಉಳಿಯುತ್ತದೆ. ಮುಂಬಯಿಗೆ ಬಂದ ರುಕ್ಮಿಣಿಬಾಯಿಗೆ ಪೂಜೆಗೆ ಸಿಕ್ಕಿದ್ದು ಈ ಒಂದೇ ಕಬ್ಬಿಣ. ಗಂಡ ದಿನಾಲೂ ಅದನ್ನು ಹೆಗಲಿಗೇರಿಸಿ ಹೋಗುವಾಗ ವರ್ಷಕ್ಕೊಂದು ಪೂಜೆ ಅವಳಿಗೆ ಸಾಲದಾಯಿತು. ಪ್ರತಿ ಅಮಾವಾಸ್ಯೆಗೆ, ಊರಿನ ಗಾಣದ ಕುಸುಬಿ ಎಣ್ಣೆಯ ದೀಪದಿಂದ, ಬಂದೂಕು ಬಾಯಿ ತೆರೆಯುವ ಜಾಗಕ್ಕೇ ಹನಿ ಹನಿ ಬಿಡುತ್ತಿದ್ದಳು. ಅದರ ಜೀವ ಅಲ್ಲಿದೆ ಎಂದು ಅವಳ ನಂಬಿಕೆ. ಎಣ್ಣೆ ಎಣ್ಣೆಯೇ ಅಲ್ಲವೇ ಎಂದು ಚಂದ್ರಾಮ ಸುಮ್ಮನಿದ್ದ, ಮೇಲೆ ಮೇಲೆ ಒರೆಸಿಕೊಂಡು.

"ಸಿಕಂದರ, ಈ ಮಾತು ಇಲ್ಲೇ ಬಿಡು. ಆಕಿಗಿ ಗೊತ್ತಾಗಬಾರದು."

"ಯಾ ಮಾತು?" ಬಾಗಿಲಲ್ಲಿ ಕೊಡ ಹೊತ್ತ ರುಕ್ಮಿಣಿಬಾಯಿ ನಿಂತಿದ್ದಳು.

ಇಬ್ಬರೂ ಸೂರು ನೋಡಿದರು. ಅವಳು ಕೊಡ ಇಳಿಸಿ, ನೆಲದ ಮೇಲಿದ್ದ, ಬೋಲ್ಟಿನ ಹಳದಿ ಅಂಟು ಮೆತ್ತಿದ ಅರಿವೆಯನ್ನು ಎತ್ತಿ ಮೂಗಿಗೆ ಹಿಡಿದಳು.

"ಇದು ಮಳಿ ಹಸಿ ವೈನಿ, ಒಮ್ಮೊಮ್ಮೆ ಹಳದಿ ಆಗ್ತೈತಿ," ಎಂದ ಸಿಕಂದರ.

"ಸುಮ್ನಿರೊ ತಮ್ಮ. ನಲವತ್ತು ವರ್ಷ ಒಗ್ಗರಣಿ ಹಾಕಿದಾಕಿಗಿ ಕುಸುಬಿ ವಾಸನಿ ತಿಳಿಯೂದಿಲ್ಲೇನು?" ಅವಳು ಗೋಡೆಗೆ ಒರಗಿ ಕೂತಳು. ದನಿ ಇಳಿದುಹೋಗಿತ್ತು. "ನಿಮ್ಮನ್ನ ಕಾಯಲಿ ಅಂತ ಹಾಕಿದ್ನಿ. ಎಂದರ ಕಳ್ಳರು ಬಂದಿದ್ರ? ನಾನ ನಿಮ್ಮ ಕೈ ಕಟ್ಟಿ ಕಳಿಸಿದಂಗಾಗ್ತಿತ್ತಲ್ರಿ."

ಚಂದ್ರಾಮ ಬೋಲ್ಟನ್ನು ಕೆಳಗಿಟ್ಟು ಅವಳ ಮಗ್ಗುಲಿಗೆ ಸರಿದ.

"ರುಕ್ಕಿ, ಹನ್ನೆರಡು ವರ್ಷ ಆತು. ಇದನ್ನ ತೆಗಿಯೂ ಪ್ರಸಂಗ ಒಂದ ದಿನಾನೂ ಬರಲಿಲ್ಲ. ನನ್ನ ಕೈಯಾಗ ಒಂದು ಜೀವ ಹೋಗಲಿಲ್ಲ, ನನ್ನ ಜೀವಾನೂ ಹೋಗಲಿಲ್ಲ. ದೇವರು ಇನ್ನ ಹ್ಯಾಂಗ ಕಾಯಬೇಕ?"

ಅವಳು ಹಲ್ಲುಜ್ಜುವ ಹಳೇ ಬ್ರಷ್ಷನ್ನು ತಾನೇ ಎತ್ತಿಕೊಂಡು ಸೀಮೆಎಣ್ಣೆಯಲ್ಲಿ ಅದ್ದಿ ಬೋಲ್ಟು ತಿಕ್ಕತೊಡಗಿದಳು. ಪಾತ್ರೆಯ ಸಂದು ಬಿಡದೆ ತಿಕ್ಕುವವಳು, ತೋಟಾ ಎಳೆಯುವ ಕೊಕ್ಕೆಯ ಕೆಳಗಿನ ಎಳ್ಳಿನಷ್ಟು ಅಂಟನ್ನೂ ಬಿಡಲಿಲ್ಲ. ಚಂದ್ರಾಮ ಅದನ್ನು ಒಣ ಅರಿವೆಯಿಂದ ಒರೆಸಿ, ಬೆರಳ ತುದಿಗೆ ಒಂದೇ ಹನಿ ಮಷೀನ್ ಎಣ್ಣೆ ತೆಗೆದುಕೊಂಡು ತೆಳ್ಳಗೆ ಸವರಿ, ಸ್ವಸ್ಥಾನಕ್ಕೆ ಸೇರಿಸಿದ. ಬೋಲ್ಟು ಸದ್ದಿಲ್ಲದೆ ಹೋಯಿತು, ಸದ್ದಿಲ್ಲದೆ ಬಂತು.

"ಇನ್ನ ನಾ ಇದನ್ನ ಮುಟ್ಟೂದಿಲ್ಲ," ಅಂದಳು ರುಕ್ಮಿಣಿಬಾಯಿ, ಕೈ ಸೆರಗಿಗೆ ಒರೆಸಿಕೊಳ್ಳುತ್ತ.

"ಯಾಕ ವೈನಿ?" ಸಿಕಂದರ ಬಂದೂಕಿನ ಮರದ ಹಿಡಿಯನ್ನು ತೋರಿಸಿದ. ಅದು ಬಿರುಕು ಬಿಟ್ಟು ಬೂದಿಬಣ್ಣಕ್ಕೆ ತಿರುಗಿತ್ತು. "ಆ ಎಣ್ಣಿ ಕಬ್ಬಣಕ ವಿಷ, ಕಟ್ಟಿಗಿಗಿ ಅಮೃತ. ಒಣಗಿದ್ರ ಇನ್ನೂ ಛಲೋ. ನಮ್ಮ ಮಷೀನಿನ ಹಲಗಿಗಿ ನಾನ ಹಚ್ಚತೀನಿ."

ಅವಳು ಗಂಡನ ಮುಖ ನೋಡಿದಳು. ಅವನು ಹಿಡಿಯನ್ನು ಅವಳ ಕಡೆ ತಿರುಗಿಸಿ ಕೊಟ್ಟ. ಅವಳು ಎದ್ದು ದೀಪದ ಎಣ್ಣೆಯಲ್ಲಿ ಮೂರು ಬೆರಳು ಅದ್ದಿ ತಂದು, ಎಳೆಗೂಸಿನ ಬೆನ್ನು ನೀವುವಂತೆ ನೀವಿದಳು. ಮರದ ಬಣ್ಣ ಕಪ್ಪಗೆ ತಿರುಗಿತು.

"ಹ್ಯಾಂಗ ಕುಡೀತೈತಿ ನೋಡ್ರಿ! ಎಷ್ಟು ನೀರಡಿಸಿತ್ತೋ!"

ಸೋಮವಾರ ಬ್ಯಾಂಕಿನ ಬಾಗಿಲಲ್ಲಿ ಅನಿಲ ಒಂದೇ ಬೆರಳಿಂದ ಬೋಲ್ಟು ಎಳೆದ. ಅದು ಸಲೀಸಾಗಿ ಬಂತು. ಮತ್ತೊಮ್ಮೆ ಎಳೆದು, ತಲೆಯಾಡಿಸಿ, ಕಾಗದಕ್ಕೆ ಸಹಿ ಹಾಕಿದ. ಬಂದೂಕು ತಿರುಗಿ ಕೊಡುವಾಗ ತನ್ನ ಅಂಗೈ ಮೂಸಿ ನೋಡಿದ.

"ಕಾಕಾ, ಯೆ ಕಾಯ್ಕಾ ವಾಸ್ ಆ ರಹಾ ಹೈ?" ಇದು ಯಾವುದರ ವಾಸನೆ ಎಂದು ಕೇಳಿದ.

"ಘರ್ ಕಾ ಹೈ, ಸಾಬ್," ಮನೆಯದು ಎಂದ ಚಂದ್ರಾಮ. ಬಂದೂಕನ್ನು ಹೆಗಲಿಗೇರಿಸಿ ತನ್ನ ಜಾಗಕ್ಕೆ ಹೋಗಿ ನಿಂತ.