ಹದಿನೇಳು ಮಾರು ಲಂಗರು ಹಗ್ಗ

ಜೆ.ಪಿ. ನಗರದ ಅನಂತಪದ್ಮನಾಭ ಅವರಿಗೆ ಸಮುದ್ರದ ಭಯ ಇರಲಿಲ್ಲ. ಹೆಂಡತಿ ಚೂಡಾಮಣಿ "ನಾನು ಬರಲ್ಲ" ಅಂದುಬಿಟ್ಟರೆ ಏನು ಗತಿ ಎಂಬ ಭಯ ಇತ್ತು.

ಅಂಕಿ-ಅಂಶಗಳ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರು ಹಳೆಯ ಸಹೋದ್ಯೋಗಿ ಮಾಧವನ ಜೊತೆ ಸೇರಿ ಕಾರವಾರದಲ್ಲಿ ಒಂದು ಮೋಟಾರು ದೋಣಿ ಕೊಂಡಿದ್ದರು. ಒಳಗೆ ಇಬ್ಬರು ಮಲಗುವಷ್ಟು ಕೋಣೆ, ಕಾಫಿ ಕಾಯಿಸುವಷ್ಟು ಸ್ಟವ್ವು. ಜನವರಿಯಲ್ಲಿ ಚೂಡಾಮಣಿಗೆ ಅರವತ್ತು ತುಂಬುತ್ತದೆ. ಆ ದಿನ ಬೆಳಗ್ಗೆ ದೋಣಿಯನ್ನು ನೀರಿನ ಮಧ್ಯೆ ನಿಲ್ಲಿಸಿ, ಇಬ್ಬರೂ ಎದುರುಬದುರು ಕೂತು ಕಾಫಿ ಕುಡಿಯಬೇಕು ಎನ್ನುವುದು ಅವರ ಆಸೆ. ಆ ಆಸೆಗಾಗಿಯೇ ದೋಣಿ ಕೊಂಡದ್ದು. ಮಾಧವನಿಗೆ ಮಾತ್ರ ಅದನ್ನು ಹೇಳಿರಲಿಲ್ಲ.

ಚೂಡಾಮಣಿಯ ಪ್ರಶ್ನೆ ಒಂದೇ. "ನೀವು ನಿಲ್ಲಿಸಿದ್ದು ನಿಲ್ಲತ್ತೇನ್ರೀ?"

ಈ ಪ್ರಶ್ನೆಗೆ ಇಪ್ಪತ್ತು ವರ್ಷದ ಇತಿಹಾಸ ಇತ್ತು. ಒಮ್ಮೆ ಬನಶಂಕರಿಯ ಇಳಿಜಾರಿನಲ್ಲಿ ಅನಂತಪದ್ಮನಾಭ ಅವರು ಕಾರಿಗೆ ಹ್ಯಾಂಡ್‌ಬ್ರೇಕ್ ಹಾಕುವುದನ್ನು ಮರೆತು ಮೆಡಿಕಲ್ ಶಾಪಿಗೆ ಹೋಗಿದ್ದರು. ಕಾರು ಚೂಡಾಮಣಿಯನ್ನು ಕೂರಿಸಿಕೊಂಡು ನಿಧಾನವಾಗಿ, ಮದುವೆ ಮೆರವಣಿಗೆಯ ಹಾಗೆ ಇಳಿದು ಹೋಗಿ ಎಳನೀರಿನ ಗಾಡಿಗೆ ತಾಗಿ ನಿಂತಿತ್ತು.

"ಅವನು ಕಿಟಕಿಯಲ್ಲಿ ಬಗ್ಗಿ, 'ನೀರು ಜಾಸ್ತಿ ಇರೋದು ಬೇಕಾ, ಗಂಜಿ ಇರೋದು ಬೇಕಾ ಅಮ್ಮಾ?' ಅಂದ," ಎಂದು ಚೂಡಾಮಣಿ ಈಗಲೂ ನೆಂಟರಿಗೆಲ್ಲ ಹೇಳುತ್ತಿದ್ದಳು. "ರಸ್ತೇಲೇ ಹೀಗೆ. ಇನ್ನು ಸಮುದ್ರದಲ್ಲಿ ನಾನು ನಿದ್ದೆ ಮಾಡ್ತಿರೋವಾಗ ನಿಮ್ಮ ದೋಣಿ ಲಕ್ಷದ್ವೀಪಕ್ಕೆ ಹೋದ್ರೆ? ನಿಲ್ಲತ್ತೆ ಅಂತ ನನ್ನ ಕಣ್ಣಿಗೆ ತೋರ್ಸಿ, ಬರ್ತೀನಿ. ಇಲ್ದಿದ್ರೆ ನೀವೂ ಮಾಧವನೂ ಹೋಗಿ ಬನ್ನಿ, ನಾನು ತಂಗಿ ಮನೇಲಿ ಪಾಯಸ ಮಾಡ್ಕೊಂಡು ತಿಂತೀನಿ."

ಅನಂತಪದ್ಮನಾಭ ಕಾಗದ ಪೆನ್ಸಿಲು ಹಿಡಿದರು. ಕಾಗದದ ಮೇಲೆ ಅವರನ್ನು ಸೋಲಿಸಿದವರು ಇಲ್ಲ. ನೀರಿನ ಆಳ ಐದು ಮೀಟರು. ಉಬ್ಬರ ಬಂದರೆ ಇನ್ನೆರಡು. ನೀರಿನಿಂದ ದೋಣಿಯ ಮೂತಿಯ ಎತ್ತರ ಒಂದು. ಒಟ್ಟು ಎಂಟು. ಲಂಗರಿಗೆ ಕಟ್ಟುವ ಹಗ್ಗ ಅದರ ಐದು ಪಟ್ಟು ಇರಬೇಕು, ಅಂದರೆ ನಲವತ್ತು ಮೀಟರು. ಅದರಲ್ಲಿ ಲಂಗರಿನ ಹತ್ತಿರ ಹತ್ತು ಮೀಟರು ಕಬ್ಬಿಣದ ಸರಪಳಿ, ಉಳಿದ ಮೂವತ್ತು ನೈಲಾನ್ ಹಗ್ಗ.

ಪಕ್ಕದ ಜಾಗದ ದ್ಯಾಮಣ್ಣ ಇದನ್ನು ಒಪ್ಪಲಿಲ್ಲ. ಅವರ ರಾಗಿ ಹೊಲವೆಲ್ಲ ಮನೆಗಳಾಗಿ, ಬಾಡಿಗೆಗಳಾಗಿ, ಈಗ ಅನಂತಪದ್ಮನಾಭರ ಕಾಂಪೌಂಡಿಗೆ ಅಂಟಿದ ಒಂದು ಉದ್ದನೆಯ ತುಂಡು ಮಾತ್ರ ಉಳಿದಿತ್ತು. ಅಲ್ಲಿ ಒಂದು ಹಸು, ಒಂದು ಪಾತಿ ಕೊತ್ತಂಬರಿ ಸೊಪ್ಪು.

"ಎಂಟು ಮೀಟರ್ ನೀರಿಗೆ ನಲವತ್ತು ಮೀಟರ್ ಹಗ್ಗನಾ? ಯಾವನೋ ನಿಮಗೆ ಟೋಪಿ ಹಾಕವ್ನೆ ಸಾರ್. ಬಾವಿ ಎಷ್ಟಿರ್ತದೋ ಹಗ್ಗ ಅಷ್ಟೇ. ಮೇಲೊಂದು ಗಂಟಿಗೆ ಎರಡಡಿ."

"ಇದು ನೀರು ಸೇದೋ ಬಿಂದಿಗೆ ಅಲ್ಲ ದ್ಯಾಮಣ್ಣ. ಹಸುವಿನ ಹಗ್ಗ ಗಿಡ್ಡ ಕಟ್ಟಿದ್ರೆ ಏನಾಗತ್ತೆ?"

"ಕತ್ತೆತ್ತಿದ್ರೆ ಗೂಟ ಕಿತ್ಕೊಂಡ್ ಬತ್ತದೆ."

"ಉದ್ದ ಕಟ್ಟಿದ್ರೆ?"

"ಎಳೀತದೆ, ಎಳೀತದೆ, ಆಮೇಲೆ ಸುಮ್ನೆ ಮನೀಕತದೆ." ದ್ಯಾಮಣ್ಣ ಒಂದು ಗಳಿಗೆ ಹಸುವನ್ನು ನೋಡಿದರು. "ಓಹೋ! ದೋಣಿ ಅಂದ್ರೆ ಹಸು!"

"ಅಷ್ಟೇ. ಹಗ್ಗ ಓರೆಯಾಗಿ, ನೆಲ ಹಿಡಿದು ಎಳೀಬೇಕು. ಸರಪಳಿ ಭಾರಕ್ಕೆ ನೆಲದ ಮೇಲೇ ಬಿದ್ದಿರತ್ತೆ."

"ಮೊದ್ಲೇ ಹಿಂಗ್ ಹೇಳೋದಲ್ವಾ ಸಾರ್? ಸುಮ್ನೆ ಲೆಕ್ಕ ಹೇಳ್ತಾ ಕೂತಿದ್ರಿ."

ಪೇಟೆಯ ಅಂಗಡಿಯವನು ಸರಪಳಿ ತೂಗುತ್ತಾ "ಗೇಟಿಗಾ ಸಾರ್, ಆನೆಗಾ?" ಎಂದು ಕೇಳಿದ. ಹಗ್ಗ ಕತ್ತರಿಸಿ ಕೊಡುವುದಿಲ್ಲ, ಐವತ್ತು ಮೀಟರಿನ ಇಡೀ ಸುರುಳಿ ತೆಗೆದುಕೊಳ್ಳಿ ಎಂದ. ಅನಂತಪದ್ಮನಾಭ ಮರುಮಾತಿಲ್ಲದೆ ತೆಗೆದುಕೊಂಡರು. ಅವರು ಜನ್ಮದಲ್ಲಿ ಚೌಕಾಸಿ ಮಾಡಿದವರಲ್ಲ. ಕೇಳಿದಷ್ಟು ಕೊಟ್ಟು, ಮೇಲೆ "ಥ್ಯಾಂಕ್ಸ್" ಬೇರೆ ಹೇಳುವವರು.

ಮನೆಯಲ್ಲಿ ಮೂವತ್ತು ಮೀಟರು ಅಳೆಯಲು ಇದ್ದದ್ದು ಚೂಡಾಮಣಿಯ ರವಿಕೆ ಅಳೆಯುವ ಟೇಪು. ಒಂದೂವರೆ ಮೀಟರಿನ ಆ ಟೇಪಿನಲ್ಲಿ ಇಪ್ಪತ್ತು ಸಲ ಅಳೆಯಬೇಕು. ಎರಡು ಸಲ ಯಾರೋ ಸಾಲ ಬೇಕಾ ಸಾರ್ ಎಂದು ಫೋನ್ ಮಾಡಿ ಎಣಿಕೆ ತಪ್ಪಿಸಿದರು. ಅಷ್ಟರಲ್ಲಿ ಗೇಟಿನಲ್ಲಿ "ಹೂವಮ್ಮೋ" ಎಂದು ಕೂಗು. ಹೂವಿನ ಅಕ್ಕಯಮ್ಮ.

ಅನಂತಪದ್ಮನಾಭರ ಮುಖ ಅರಳಿತು. ನಾವಿಕರು ಹಿಂದಿನಿಂದಲೂ ಹಗ್ಗವನ್ನು ಅಳೆಯುತ್ತಿದ್ದದ್ದು ಎರಡು ಕೈ ಚಾಚಿದಷ್ಟು ಉದ್ದದಲ್ಲಿ, ಅಂದರೆ ನಮ್ಮ ಮಾರಿನಲ್ಲಿ, ಎಂದು ಅವರು ಓದಿದ್ದರು. ಒಂದು ಮಾರು ಅಂದರೆ ಆರಡಿ. ಮೂವತ್ತು ಮೀಟರಿಗೆ ಹದಿನೇಳು ಮಾರು. ದಿನವಿಡೀ ಮಾರು ಹಾಕುವ ಕೈಯೇ ಮನೆ ಬಾಗಿಲಿಗೆ ಬಂದಿದೆ!

"ಹದಿನೇಳು ಮಾರು ಹಾಕಮ್ಮ. ಐದೈದು ಮಾರಿಗೆ ಒಂದು ದಾರ ಕಟ್ಟು, ಎಷ್ಟು ಬಿಟ್ಟಿದ್ದೀವಿ ಅಂತ ಗೊತ್ತಾಗ್ಬೇಕು."

"ಯಾವ ದೇವ್ರಿಗೆ ಸಾರ್ ಇಷ್ಟು ದಪ್ಪ?"

"ಸಮುದ್ರಕ್ಕೆ."

"ಒಳ್ಳೇದಾಗ್ಲಿ," ಎಂದು ಅಕ್ಕಯಮ್ಮ ಮೆಟ್ಟಿಲ ಮೇಲೆ ಕೂತಳು. ಕೈಗಳು ಮಗ್ಗದ ಹಾಗೆ ಆಡಿದವು. ಒಂದು, ಎರಡು, ಮೂರು. ಕಾಫಿ ಆರುವುದರೊಳಗೆ ಹದಿನೇಳು. ಅನಂತಪದ್ಮನಾಭ ಕತ್ತರಿಸಿಯೇಬಿಟ್ಟರು. ಉಳಿದ ತುಂಡು ನೋಡಿದರೆ ರಾಶಿ ಇತ್ತು. "ಅಂಗಡಿಯವನು ಧಾರಾಳಿ ಕಣೇ ಚೂಡಾ," ಎಂದು ಅದನ್ನು ತಾರಸಿಯಲ್ಲಿ ಬಟ್ಟೆ ಒಣಗಿಸಲು ಆ ಕಂಬದಿಂದ ಈ ಕಂಬಕ್ಕೆ ನಾಲ್ಕು ಸಾಲು ಕಟ್ಟಿದರು.

ಭಾನುವಾರ ಬೆಳಗ್ಗೆ ಪರೀಕ್ಷೆ. ಎರಡು ಮಹಡಿಯ ಮನೆಯ ಮೇಲಿನ ತಾರಸಿ ನೆಲದಿಂದ ಸರಿಯಾಗಿ ಎಂಟು ಮೀಟರು. ತಾರಸಿಯೇ ದೋಣಿ, ದ್ಯಾಮಣ್ಣನ ಜಾಗವೇ ಸಮುದ್ರದ ತಳ. ಮಾಧವ ಕಾರವಾರದಿಂದ ಬಸ್ಸಿನಲ್ಲಿ ಕಳಿಸಿದ್ದ ಲಂಗರನ್ನು ಕೊತ್ತಂಬರಿ ಪಾತಿಯ ಈಚೆ ಮಣ್ಣಿಗೆ ಚುಚ್ಚಿದರು. ಅಲ್ಲಿಗೇ ಹಗ್ಗ ಮುಗಿದದ್ದು ಯಾಕೆ ಎಂದು ಯಾರಿಗೂ ಹೊಳೆಯಲಿಲ್ಲ. ಗಾಳಿಯ ಪಾತ್ರ, ಅಂದರೆ ತಾರಸಿಯ ಮೇಲೆ ನಿಂತು ಹಗ್ಗ ಎಳೆಯುವ ಕೆಲಸ, ದ್ಯಾಮಣ್ಣ ಮತ್ತು ಅವರ ಮೂವರು ಬಾಡಿಗೆದಾರರದ್ದು. ಪ್ರಯಾಣಿಕಳಾಗಿ ಚೂಡಾಮಣಿ, ಒಣಗಿದ ಸೀರೆಗಳ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಡಿಲಲ್ಲಿ ಹುರುಳಿಕಾಯಿ ಬುಟ್ಟಿ ಇಟ್ಟುಕೊಂಡು.

"ಬಿರುಗಾಳಿ!" ಎಂದರು ಅನಂತಪದ್ಮನಾಭ.

ನಾಲ್ವರೂ ಎಳೆದರು. ಲಂಗರು ಒಂದು ಸಲ ಮಣ್ಣಿನಲ್ಲಿ ತಿಣುಕಿತು. ಆಮೇಲೆ ತಲೆಯೆತ್ತಿ ಹೊರಟೇಬಿಟ್ಟಿತು. ಹಸುವಿನ ಬಾನಿ ಉರುಳಿಸಿ, ಹಸು ಬೆಚ್ಚಿ ಪಾತಿಯ ಮೇಲೆ ನಡೆಯುವ ಹಾಗೆ ಮಾಡಿ, ಗೋಡೆಗೆ ಢಂ ಎಂದು ಬಡಿದು, ಕಿತ್ತುಬಂದ ನಾಲ್ಕು ಗರಿಕೆ ಕಚ್ಚಿಕೊಂಡು ಅಡಿಗೆಮನೆಯ ಕಿಟಕಿಯ ಮುಂದೆ ಗಂಟೆಯ ಹಾಗೆ ತೂಗಾಡಿತು.

"ಬಂತು ಲಕ್ಷದ್ವೀಪ," ಎಂದಳು ಚೂಡಾಮಣಿ, ಹುರುಳಿಕಾಯಿಯಿಂದ ತಲೆ ಎತ್ತದೆ.

"ನನ್ನ ಕೊತ್ತಂಬರಿ ಸಾರ್!" ಎಂದರು ದ್ಯಾಮಣ್ಣ.

ಅನಂತಪದ್ಮನಾಭ ಜೇಬಿನ ಕಾಗದ ತೆಗೆದು ನೋಡಿದರು. ಲೆಕ್ಕ ಸರಿಯಾಗಿಯೇ ಇತ್ತು. ಅದಕ್ಕೇ ಅವರಿಗೆ ಅಳು ಬರುವಂತಾಯಿತು. ಜನವರಿಯ ಬೆಳಗ್ಗೆ, ಎದುರಿಗೆ ಮಾಧವ ಕೂತು ಕಾಫಿ ಹೀರುವುದು ಕಣ್ಣಿಗೆ ಕಟ್ಟಿತು. ಮಾಧವ ಸೊರಸೊರ ಶಬ್ದ ಮಾಡುತ್ತಾನೆ.

ಚೂಡಾಮಣಿ ಗಂಡನ ಮುಖ ನೋಡಿದಳು. ಬುಟ್ಟಿ ಪಕ್ಕಕ್ಕಿಟ್ಟು ಎದ್ದಳು. ತಲೆಯ ಮೇಲಿನ ನಾಲ್ಕು ಸಾಲು ಹಗ್ಗ ನೋಡಿದಳು, ದ್ಯಾಮಣ್ಣನ ಕೈಯಲ್ಲಿದ್ದ ತುಂಡು ನೋಡಿದಳು.

"ಐವತ್ತರಲ್ಲಿ ಮೂವತ್ತು ಹೋದ್ರೆ ಇಪ್ಪತ್ತು ಉಳೀಬೇಕಲ್ವೇನ್ರೀ? ಹೋಗಿದ್ದಕ್ಕಿಂತ ಉಳಿದಿದ್ದೇ ಡಬಲ್ ಇದೆಯಲ್ಲ! ಯಾರು ಅಳೆದಿದ್ದು?"

"ಅಕ್ಕಯಮ್ಮ."

"ನೀವು ಏನಂದ್ರಿ?"

"ಥ್ಯಾಂಕ್ಸ್ ಅಂದೆ."

ಚೂಡಾಮಣಿ ಗೋಡೆಯಾಚೆ ಬಗ್ಗಿ, ರಸ್ತೆಯಲ್ಲಿ ನಿಂತು ತಮಾಷೆ ನೋಡುತ್ತಿದ್ದ ಅಕ್ಕಯಮ್ಮನನ್ನು ಮೇಲೆ ಕರೆದಳು. ಅಕ್ಕಯಮ್ಮ ಬಂದು, ವಿಷಯ ಕೇಳಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಅಯ್ಯೋ, ಸಾರ್ ಜಗಳ ಆಡ್ಲೇ ಇಲ್ವಲ್ಲಮ್ಮ! ಮೊದಲ್ನೇ ಸಲ ಯಾವಾಗ್ಲೂ ಕೈ ಎದೆ ಹತ್ರಾನೇ ಹಾಕ್ತೀನಿ. 'ಇದೇನ್ ಮಾರಾ, ಕೂಸಿನ ಮಾರಾ' ಅಂತ ನೀವು ಬೈತೀರಾ. ಆಮೇಲೆ ಕೈ ಬಿಚ್ತೀನಿ. ಸಾರ್ ಬೈಲಿಲ್ಲ, ಕೈ ಬಿಚ್ಲಿಲ್ಲ. ಹೂವಿನ ಕೈ, ಅದೇ ಹಂಗೆ ಹೋಗ್ಬಿಡ್ತದೆ."

"ಈಗ ನಾನು ನಿಂತಿದ್ದೀನಿ, ಅಳೆ," ಎಂದಳು ಚೂಡಾಮಣಿ, ಸೀರೆಗಳನ್ನು ಎಳೆದು ಹಗ್ಗ ಬಿಚ್ಚುತ್ತಾ. "ಇದೇನಿದು, ಮೊಳನಾ? ಚಾಚು. ಇನ್ನೂ ಚಾಚು. ಕಂಕುಳಲ್ಲಿ ಏನಾದ್ರೂ ಇಟ್ಕೊಂಡಿದ್ದೀಯಾ?"

"ಕೈ ಕಿತ್ಕೊಡ್ಲಾ ಅಮ್ಮ?"

"ಕೊಸರು ಎಲ್ಲಿ? ನನ್ನ ಅರವತ್ತರ ಹುಟ್ಟಿದಹಬ್ಬಕ್ಕೆ ಅಳೀತಿರೋದು ಇದು."

ಹದಿನೇಳು ಮಾರು, ಮೇಲೆ ಎರಡು ಕೊಸರು. ಐದೈದು ಮಾರಿಗೆ ಕನಕಾಂಬರ ಬಣ್ಣದ ದಾರ. ಈ ಸಲ ಲಂಗರು ಕೊತ್ತಂಬರಿ ದಾಟಿ ಜಾಗದ ಆಚೆ ತುದಿಗೆ ಹೋಯಿತು. ನಾಲ್ವರೂ ಎಳೆದರು. ಸರಪಳಿ ಒಮ್ಮೆ ನೆಟ್ಟಗಾಗಿ, ಲಂಗರು ಇನ್ನಷ್ಟು ಆಳಕ್ಕೆ ಮೂಗು ತೂರಿಸಿತು. ಮತ್ತೆ ಎಳೆದರು. ಒಬ್ಬ ಬಾಡಿಗೆದಾರನ ಪ್ಯಾಂಟಿನ ಗುಂಡಿ ಹಾರಿತು, ಲಂಗರು ಅಲುಗಲಿಲ್ಲ.

"ಮನೀಕತು," ಎಂದರು ದ್ಯಾಮಣ್ಣ.

ಅನಂತಪದ್ಮನಾಭ ಹೆಂಡತಿಯ ಕಡೆ ತಿರುಗಿದರು.

"ಬರ್ತೀನಿ," ಎಂದಳು ಚೂಡಾಮಣಿ. "ನಿಂತಿತು ಅಂತಲ್ಲ. ನಿಮ್ಮನ್ನ ಒಬ್ಬರನ್ನೇ ಕಳಿಸಿದ್ರೆ ಸಮುದ್ರದೋರೂ ಹೀಗೇ ಅಳೆದು ಕೊಡ್ತಾರೆ, ನೀವು ಥ್ಯಾಂಕ್ಸ್ ಅಂತೀರಿ."

ಆ ಸಂತೋಷಕ್ಕೆ ಅವರು ಅಲ್ಲಿಂದಲೇ ಮಾಧವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. "ಸರಪಳಿ ಹತ್ತು ಮೀಟರು, ಹಗ್ಗ ಹದಿನೇಳು ಮಾರು, ಮೇಲೆರಡು ಕೊಸರು!"

"ಕೊಸರಾ? ಹಗ್ಗಕ್ಕಾ?" ಎಂದ ಮಾಧವ.

ಚೂಡಾಮಣಿ ಹತ್ತಿರ ಬಂದು ಫೋನಿಗೆ ಬಗ್ಗಿದಳು. "ಮಾಧವ ಅವರೇ, ಒಂದು ವಿಷಯ ಹೇಳಿ. ದೋಣಿ ಕೊಳ್ಳೋವಾಗ ನೀವಿಬ್ಬರೂ ಸೇರಿ ಎಷ್ಟು ಚೌಕಾಸಿ ಮಾಡಿದ್ರಿ?"

"ಹಲೋ? ಹಲೋ? ಇಲ್ಲಿ ಅಲೆಗಳ ಸದ್ದು ಜಾಸ್ತಿ, ಏನೂ ಕೇಳಿಸ್ತಿಲ್ಲ," ಎಂದ ಮಾಧವ ಕಾರವಾರದಿಂದ. ಜೆ.ಪಿ. ನಗರದಲ್ಲಿ ಅನಂತಪದ್ಮನಾಭ ಅವರು ಬಹಳ ಆಸಕ್ತಿಯಿಂದ ಹುರುಳಿಕಾಯಿ ನಾರು ತೆಗೆಯತೊಡಗಿದರು.