ಗಿಡ ಹಚ್ಚುವ ಹಬ್ಬ

"ಹಕ್ಕಿಮರಿ ಸಲುವಾಗಿ ಇಷ್ಟ್ಯಾಕ ಹೊಯ್ಕೋತಿ, ರಂಡಿ? ನೀ ಹಡದೀ ಏನ್ ಅವನ್ನ? ಸರಿ ಬಾಜೂಕ!"

ಅಪ್ಪಾಸಾಹೇಬ ಇನಾಮದಾರ ಜೀಪಿನಿಂದ ಪೂರ್ತಿ ಇಳಿದಿರಲಿಲ್ಲ. ಒಂದು ಕಾಲು ಹೊರಗಿತ್ತು, ಒಂದು ಒಳಗಿತ್ತು. ಪಾರವ್ವ ಜಾಲಿಗಿಡದ ಬೊಡ್ಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳ ತಲೆಯ ಮೇಲಿನ ಟೊಂಗೆಯಲ್ಲಿ ಗಂಡ ಹನಮಂತ ಕೊಡಲಿ ಹಿಡಿದುಕೊಂಡು, ಕಡಿಯಲೂ ಆಗದೆ ಇಳಿಯಲೂ ಆಗದೆ ಕೂತಿದ್ದ. ಅವನ ಸುತ್ತ ಗೂಡುಗಳಿದ್ದವು. ಗೂಡಿಗೊಂದಿಷ್ಟು ಬೆಳ್ಳಕ್ಕಿ ಮರಿಗಳು ಕೊರಳು ಚಾಚಿ ಬಾಯಿ ತೆರೆಯುತ್ತಿದ್ದವು.

"ಧಣೇರ, ಇನ್ನೊಂದು ತಿಂಗಳು ತಡೀರಿ. ಮರಿ ರೆಕ್ಕಿ ಬಲೀತಾವ, ಹಾರಿ ಹೋಗ್ತಾವ. ಆಮ್ಯಾಗ ಏನರ ಮಾಡ್ರಿ."

"ತಿಂಗಳಂತ! ಬರೂ ಸೋಮವಾರ ಮಂತ್ರಿ ಬರ್ತಾನ. ವನಮಹೋತ್ಸವ ಐತಿ. ಗಿಡ ಹಚ್ಚಾಕ ಬಯಲು ಬೇಕೋ ಬ್ಯಾಡೋ? ನಿನ್ನ ಗುಡಸಲದಾಗ ಹಚ್ಚಸ್ಲೇನು?"

"ಗಿಡ ಹಚ್ಚಾಕ ಗಿಡ ಕಡೀಬೇಕೇನ್ರಿ?"

ಕೊಡಲಿ ಹಿಡಿದು ನಿಂತಿದ್ದ ಕೇರಿಯ ಗಂಡಸರಲ್ಲಿ ಯಾರೋ ಕಿಸಕ್ಕೆಂದು ನಕ್ಕು, ನಕ್ಕದ್ದನ್ನು ಕೆಮ್ಮಿನಲ್ಲಿ ಮುಚ್ಚಿದರು. ಇನಾಮದಾರ ಈಗ ಇಳಿದ. ಕೇರಿಯವರನ್ನು ಅವನು ಕೈಯಿಂದ ಹೊಡೆಯುತ್ತಿರಲಿಲ್ಲ, ಮುಟ್ಟಿದರೆ ಮತ್ತೆ ಮೈ ತೊಳೆಯಬೇಕು. ಬಾಗಿ ಒಂದು ಮಣ್ಣಿನ ಹೆಂಟೆ ಎತ್ತಿಕೊಂಡು ಬೀಸಿ ಒಗೆದ. ಅದು ಪಾರವ್ವನ ಎದೆಗೆ ಬಡಿದು ಪುಡಿಯಾಯಿತು.

"ಏ ಹನಮ್ಯಾ! ಮೊದ್ಲ ಹೇಂತಿ ನಾಲಿಗಿ ಕಡೀತಿಯೋ, ಗಿಡ ಕಡೀತಿಯೋ? ಹೊತ್ತು ಮುಳಗೂದ್ರಾಗ ಈ ಜಾಗ ಬಯಲಾಗಲಿಲ್ಲಂದ್ರ ನಿಮ್ಮ ಕೇರಿ ನಾಯಿ ಸೈತ ನನ್ನ ಕಬ್ಬಿನ ಹೊಲದಾಗ ಕಾಲಿಡಂಗಿಲ್ಲ. ಉಪಾಸ ಸಾಯ್ರಿ, ಸೂಳಿಮಕ್ಕಳ್ರ್ಯಾ."

"ಬ್ಯಾಡ್ರಿ, ಇಳದ ಬರ್ರಿ," ಎಂದಳು ಪಾರವ್ವ, ಮೇಲೆ ನೋಡದೆ.

ಮೇಲಿನಿಂದ ಸ್ವಲ್ಪ ಹೊತ್ತಿಗೆ ಕೊಡಲಿಯ ಸದ್ದು ಬಂತು.

ಟೊಂಗೆ ಬಿದ್ದ ಹಾಗೆ ಗೂಡುಗಳೂ ಬಿದ್ದವು. ಬೆಳ್ಳಕ್ಕಿಗಳು ಮೇಲೆ ಗಿರಕಿ ಹೊಡೆಯುತ್ತ ಅರಚಿದವು. ಕೆಸರಿನಲ್ಲಿ ಬಿದ್ದ ಮರಿಗಳಿಗೆ ಏಳಲು ಕಾಲಿಲ್ಲ, ಹಾರಲು ರೆಕ್ಕೆಯಿಲ್ಲ. ಊರ ನಾಯಿಗಳು ಎಲ್ಲಿಂದಲೋ ಬಂದವು. ಪಾರವ್ವ ಸೆರಗಿನಲ್ಲಿ ಒಂದಿಷ್ಟನ್ನು ಬಾಚಿಕೊಂಡಳು. ಮನೆ ಮುಟ್ಟುವುದರೊಳಗೆ ಅವು ತಣ್ಣಗಾದವು. ಹನಮಂತ ಅವತ್ತು ಉಣ್ಣಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವಳೂ ಉಣ್ಣು ಅನ್ನಲಿಲ್ಲ.

ಗಿಡಗಳಿದ್ದ ಆ ಹೊಳೆದಂಡೆಯಲ್ಲಿ ಮೊದಲು ಒಂದು ಹಸಿರು ಕಡ್ಡಿಯೂ ಇರಲಿಲ್ಲ. ಹಿಡಕಲ್ ಅಣೆಕಟ್ಟಿನಿಂದ ನೀರು ಜೋರಾಗಿ ಬಿಟ್ಟ ಒಂದು ಮಳೆಗಾಲ, ಘಟಪ್ರಭೆ ಕೇರಿಯ ಕಡೆಯ ಮಣ್ಣನ್ನು ರೊಟ್ಟಿ ಮುರಿದ ಹಾಗೆ ಮುರಿದುಕೊಂಡು ಹೋಗಿತ್ತು. ಮಣ್ಣಿನ ಜೊತೆ ಹೊಳೆಬದಿಯ ಗುಡಿಸಲುಗಳೂ ಹೋದವು. ಮರುವರ್ಷ ಜಲಾನಯನ ಯೋಜನೆ ಬಂತು. ದಂಡೆ ಸರಕಾರದ್ದು, ದುಡಿಮೆ ಕೇರಿಯದ್ದು, ಸಮಿತಿ ಮಾತ್ರ ಇನಾಮದಾರನದು. ಹೆಂಗಸರು ಜಾಲಿ, ಹೊಂಗೆ, ಬಿದಿರು ಹಚ್ಚಿದರು. ಯೋಜನೆಯವರು ಫೋಟೊ ತೆಗೆದುಕೊಂಡು ಹೋದ ಮೇಲೆ ಕೂಲಿ ನಿಂತಿತು. ಹೆಂಗಸರು ನಿಲ್ಲಲಿಲ್ಲ. ದಂಡೆ ಹೋದರೆ ಮುಂದಿನ ಸಲ ಹೋಗುವುದು ತಮ್ಮ ಒಲೆ ಎಂದು ಅವರಿಗೆ ಗೊತ್ತಿತ್ತು. ಸುಡುಬೇಸಿಗೆಯಲ್ಲಿ ತಲೆಯ ಮೇಲೆ ಕೊಡ ಹೊತ್ತರು. ತಮ್ಮ ಆಡುಗಳನ್ನು ಗೂಟಕ್ಕೆ ಕಟ್ಟಿ, ಮೇವು ಹೊತ್ತು ತಂದು ಹಾಕಿದರು. ಸಸಿ ಮೇಯುತ್ತಿದ್ದ ಇನಾಮದಾರನ ಎಮ್ಮೆಗಳನ್ನು ಅಟ್ಟಿದ್ದಕ್ಕೆ ಅವರಲ್ಲೊಬ್ಬಳಾದ ಚನ್ನವ್ವ ಬಾರುಕೋಲಿನ ಏಟು ತಿಂದು ವಾರಗಟ್ಟಲೆ ಬೋರಲು ಮಲಗಿದಳು.

ಗಿಡ ಆಳೆತ್ತರ ಮೀರಿದ ಮೇಲೆ ಬೆಳ್ಳಕ್ಕಿ ಬಂದವು. ಬೇರಿನ ಪೊಟರೆಯಲ್ಲಿ ನೀರುನಾಯಿ ಸಂಸಾರ ಹೂಡಿತು. ಒಂದು ಮುಂಜಾನೆ ಪಾರವ್ವ ಬಟ್ಟೆ ಒಗೆಯುತ್ತಿದ್ದಾಗ ತಾಯಿ ನೀರುನಾಯಿ ತನ್ನ ಮರಿಗಳ ಕತ್ತು ಕಚ್ಚಿ ಒಂದೊಂದಾಗಿ ನೀರಿಗಿಳಿಸಿ ಈಜು ಕಲಿಸುತ್ತಿತ್ತು. ಪಾರವ್ವ ಬಟ್ಟೆ ಎತ್ತಿ ಬಡಿಯದೆ ಕಲ್ಲಿನ ಮೇಲೆ ಹಾಗೇ ಕೂತಳು. ಹೊಲಕ್ಕೆ ತಡವಾಗಿ ಹೋಗಿ ಬೈಸಿಕೊಂಡಳು. ಆದರೂ ಅವತ್ತು ದಿನವಿಡೀ ಅವಳ ಮುಖದಲ್ಲಿ ನಗುವಿತ್ತು.

ಗಿಡ ಕಡಿದ ಸುದ್ದಿ ಗೋಕಾಕಕ್ಕೆ ಹೋಯಿತು. ಸೇತುವೆ ದಾಟುತ್ತಿದ್ದ ಯಾರೋ ನೋಡಿ ಫೋನು ಮಾಡಿದರಂತೆ. ಮರುದಿನ ಅರಣ್ಯ ಇಲಾಖೆಯ ಜೀಪಿನಲ್ಲಿ ಜಂಗಲ್ ಸಾಹೇಬ ಬಂದ. ಬೆಂಗಳೂರ ಕಡೆಯವನು, ಹೊಸಬ. ಕಡಿದ ಬೊಡ್ಡೆಗಳ ನಡುವೆ ಇನಾಮದಾರ ಅವನಿಗೆ ಖುರ್ಚಿ ಹಾಕಿಸಿದ, ತಾನೂ ಒಂದರಲ್ಲಿ ಕೂತ, ಚಹಾ ತರಿಸಿದ.

"ಯಾರ್ರೀ ಕಡಿದಿದ್ದು?"

"ಮತ್ಯಾರ್ರಿ, ಈ ಕೇರಿ ಮಂದಿ. ಉರವಲಕ್ಕ. ಎಷ್ಟ್ ಬಡ್ಕೊಂಡ್ರೂ ತಿಳಿಯಂಗಿಲ್ಲ ಇವಕ್ಕ. ನಾವೂ ಸಮಿತಿ ಮಾಡಿ, ಬೋರ್ಡ್ ಹಾಕಿ, ಕಾಯ್ದು ಕಾಯ್ದು ಸಾಕಾಗೇತ್ರಿ."

ಸಾಹೇಬ ಹನಮಂತನನ್ನು ಕೆಳಗಿಂದ ಮೇಲಿನವರೆಗೆ ನೋಡಿದ.

"ಹಕ್ಕಿ ತಿಂತೀರಿ, ನೀರುನಾಯಿ ಹೊಡೀತೀರಿ, ಕೊನೆಗೆ ಮರಾನೂ ಬಿಡಲ್ಲ. ನಿಮ್ಮಂಥವರಿಂದಲೇ ಎಲ್ಲ ಹಾಳಾಗಿದ್ದು. ಈ ಕೊಡಲಿ ನಿಂದೇ ತಾನೆ?"

ಹನಮಂತ ಇನಾಮದಾರನ ಕಡೆ ನೋಡಿದ. ಇನಾಮದಾರ ಬಸಿಯಲ್ಲಿ ಚಹಾ ಸುರುವಿಕೊಂಡು ಊದುತ್ತಿದ್ದ.

"ಹೂನ್ರಿ. ನಂದಽ," ಎಂದ ಹನಮಂತ.

"ಕಡೀ ಅಂದಾಂವ ನಿಮ್ಮ ಬಾಜೂಕ ಖುರ್ಚಿ ಮ್ಯಾಲ ಕುಂತಾನ್ರಿ, ಸಾಹೇಬ್ರ!" ಪಾರವ್ವ ಗುಂಪು ಸೀಳಿಕೊಂಡು ಬಂದಳು.

"ಬಾಯಿ ಮುಚ್ಚಮ್ಮ. ಅವರು ಜಲಾನಯನ ಸಮಿತಿ ಅಧ್ಯಕ್ಷರು. ಯಾರ ಬಗ್ಗೆ ಮಾತಾಡ್ತಿದೀಯ, ಗೊತ್ತಾ?"

ಹನಮಂತನನ್ನು ಜೀಪಿನ ಹಿಂದೆ ಕೂಡಿಸಿಕೊಂಡು ಹೋದರು. ಜೀಪು ತಿರುಗುವಾಗ ಅವನು, ಗಿಡ ಕಡಿದ ಮೇಲೆ ಮೊದಲ ಸಲ, ಹೆಂಡತಿಯ ಮುಖ ನೋಡಿದ.

ಪಾರವ್ವ ಇನಾಮದಾರನ ವಾಡೆಗೆ ಹೋದಳು. ಪಾವಟಿಗೆಯ ಕೆಳಗೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಳು. ಮೇಲೆ ಕಟ್ಟೆಯಲ್ಲಿ ಇನಾಮದಾರ ಸಂಕೇಶ್ವರದಿಂದ ಬಂದಿದ್ದ ಪೈಪಿನ ಅಂಗಡಿಯವನ ಜೊತೆ ಮಾತಾಡುತ್ತಿದ್ದ. ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾತು ನಡೆಯಿತು.

"ಸೋಮವಾರ ಮಂತ್ರಿದು ಮುಗೀಲಿ. ಮಂಗಳವಾರ ಜೆಸಿಬಿ ತರಸ್ತೇನಿ. ಉಳದ ಜಾಲಿ ಬೇರುಸಮೇತ ಕಿತ್ತು, ಹೊಳಿಗೆ ಮೋಟಾರ ಇಳಸೂದು. ದಂಡಿ ತುಂಬ ಕಬ್ಬು."

"ಮತ್ತ ಮಂತ್ರಿ ಹಚ್ಚಿದ ಗಿಡಾರೀ?"

"ಅವು ಬೇರ ಬಿಟ್ಟು ಹತ್ತಿದ್ರ ತಾನ ಕೀಳೂದು!"

ಇಬ್ಬರೂ ನಕ್ಕರು. ಆಮೇಲೆ ಇನಾಮದಾರ ಕೆಳಗೆ ನೋಡಿದ.

"ನಿನ್ನ ಗಂಡನ್ನ ಬಿಡಸ್ತೇನಿ ಹೋಗು. ಅಲ್ಲೀತನಕ ಬಾಯಾಗ ಸೆರಗ ತುರುಕ್ಕೊಂಡು, ಕೇರಿ ಹೆಂಗಸರನ್ನ ಕರ್ಕೊಂಡು ತಗ್ಗು ತೋಡು. ಆಳ ಇರಲಿ. ಮಂತ್ರಿ ನೋಡ್ತಾನ."

ತಗ್ಗು ತೋಡಿದರು. ಕಡಿದ ಜಾಲಿಯ ಬೇರುಗಳು ಇನ್ನೂ ಹಸಿಯಾಗಿದ್ದವು. ಗುದ್ದಲಿ ತಾಗಿದಲ್ಲೆಲ್ಲ ಬಿಳಿಯ ಗಾಯ ಬಿಟ್ಟುಕೊಂಡವು. ತಾವು ಹಚ್ಚಿದ್ದರ ಬೇರನ್ನು ಹೆಂಗಸರು ತಾವೇ ಕಡಿದರು. ಪಾರವ್ವನ ಅತ್ತೆ ಅಲ್ಲವ್ವ ಮಾತ್ರ ಬದುವಿನ ಮೇಲೆ ಕೂತು ಇನಾಮದಾರನ ಏಳು ತಲೆಮಾರಿಗೂ ಸಾಲುವಷ್ಟು ಬೈಗುಳ ಬೈದಳು.

"ಅತ್ತೀ, ಸುಮ್ಕಿರ," ಎಂದಳು ಚನ್ನವ್ವ.

"ಸುಮ್ನಿದ್ದು ಮುದುಕಿ ಆಗೀನಿ. ಇನ್ನೆಷ್ಟ್ ಸುಮ್ಕಿರ್ಲೇ?"

ಸೋಮವಾರ ಶಾಮಿಯಾನ ಎದ್ದಿತು. ಕೆಂಪು ಜಮಖಾನೆ, ಮೈಕು, ಪೊಲೀಸರು, ಬಿಳಿ ಅಂಗಿಯ ಸಾಲಿಮಕ್ಕಳು. ಮಂತ್ರಿ ಹೊಳೆಯ ಜೀವಜಂತುಗಳ ಬಗ್ಗೆ, ಮುಂದಿನ ಪೀಳಿಗೆಯ ಬಗ್ಗೆ ಬಹಳ ಹೊತ್ತು ಮಾತಾಡಿದ. ವನ್ಯಜೀವಿಗಳ ತವರನ್ನು ಕಾಪಾಡಿದ ಮಹನೀಯ ಎಂದು ಇನಾಮದಾರನಿಗೆ ಹಾರ ಹಾಕಿದ. ಜಂಗಲ್ ಸಾಹೇಬ ಚಪ್ಪಾಳೆ ತಟ್ಟಿದ. ಮೈಗೆಲ್ಲ ಮಣ್ಣು ಮೆತ್ತಿಕೊಂಡ ಹೆಂಗಸರು ತಗ್ಗುಗಳ ಆಚೆ, ಸಸಿಯ ಬುಟ್ಟಿಗಳ ಹತ್ತಿರ ನಿಂತಿದ್ದರು.

ಮಂತ್ರಿ ಗಿಡ ಹಚ್ಚಲು ಇಳಿಯುವ ಮೊದಲು ಪೂಜಾರಿ ಬಂದ. ಕೈಯಲ್ಲಿ ತಂಬಿಗೆಯಿತ್ತು.

"ಏ, ಸರೀರಿ ಹಿಂದಕ್ಕ. ಇನ್ನೂ ಹಿಂದಕ್ಕ! ನೆರಳು ಬೀಳಾಕತ್ತೈತಿ. ತಗ್ಗೆಲ್ಲಾ ಮುಟ್ಟೀರಿ, ಗಂಗಿ ಹಾಕಿ ಶುದ್ಧ ಮಾಡ್ಬೇಕು."

ಅವನು ಮಂತ್ರ ಗೊಣಗುತ್ತ ಒಂದೊಂದೇ ತಗ್ಗಿಗೆ ನೀರು ಚಿಮುಕಿಸಿದ. ಪಾರವ್ವ ನೋಡುತ್ತ ನಿಂತಳು. ಅವಳ ಅಂಗೈಯಲ್ಲಿ ಬೊಬ್ಬೆ ಒಡೆದು ಉರಿಯುತ್ತಿತ್ತು. ಪೂಜಾರಿ ಮಂತ್ರಿಗಾಗಿ ತೋಡಿದ್ದ, ರಂಗೋಲಿ ಹಾಕಿದ್ದ ತಗ್ಗಿಗೆ ನೀರು ಚಿಮುಕಿಸಿ ತಿರುಗುವಷ್ಟರಲ್ಲಿ ಅವಳು ನಡೆದುಬಂದು ರಂಗೋಲಿ ತುಳಿದು ಅದರೊಳಗೆ ಇಳಿದಳು. ಇಳಿದು ಕುಕ್ಕರಗಾಲಲ್ಲಿ ಕೂತಳು. ನೆಲದ ಮೇಲೆ ಅವಳ ತಲೆ, ಹೆಗಲು ಅಷ್ಟೇ ಕಂಡವು.

"ಏ! ಏ! ಹೊಲಸ ಮಾಡಿದ್ಲು!" ಪೂಜಾರಿ ತಂಬಿಗೆ ಎದೆಗವಚಿಕೊಂಡು ಹಿಂದೆ ಸರಿದ.

ಚನ್ನವ್ವ ಬಂದು ಪಕ್ಕದ ತಗ್ಗಿಗೆ ಇಳಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಯಾರು ಮೊದಲು, ಯಾರು ಹಿಂದೆ ಎಂದು ತಿಳಿಯಲಿಲ್ಲ.

"ನನಗೊಂದು ಆಳ ಇದ್ದದ್ದು ನೋಡಿ ಕೊಡ್ರೇ. ಹೆಂಗೂ ಬೇಕಾಗೂದಽ ಐತಿ," ಎನ್ನುತ್ತ ಅಲ್ಲವ್ವ ಇಬ್ಬರ ರಟ್ಟೆ ಹಿಡಿದು ಇಳಿದಳು.

ಸಾಲಿಮಕ್ಕಳು ನಕ್ಕರು. ಮಂತ್ರಿಗೆ ಇದು ಕಾರ್ಯಕ್ರಮದ ಭಾಗವೋ ಅಲ್ಲವೋ ತಿಳಿಯಲಿಲ್ಲ. ಕೈಯಲ್ಲಿ ಸಸಿ ಹಿಡಿದುಕೊಂಡೇ ಕೇಳಿದ:

"ಏನವ್ವಾ ಇದು? ಏನ್ ಬೇಕು ನಿಮಗ?"

"ಗಿಡ ಹಚ್ಚಾಕ ಬಂದೀರಲ್ರಿ, ಹಚ್ಚ್ರಿ. ಇಲ್ಲಿ ಮೊದ್ಲ ಗಿಡ ಇದ್ವು. ನಾವಽ ಹಚ್ಚಿದ್ವಿ. ಗೂಡು ಇದ್ವು, ಮರಿ ಇದ್ವು. ಅಪ್ಪಾಸಾಹೇಬ ಕಡಸಿದ!"

ಕೇರಿಯ ಬಾಯಲ್ಲಿ ಆ ಹೆಸರು ಹಾಗೆ ಬೋಳಾಗಿ ಎಂದೂ ಬಂದಿರಲಿಲ್ಲ. ಹೊಳೆಯ ಆಚೆ ದಂಡೆಗೆ ಕೂಗಿ ರೂಢಿಯಿದ್ದ ಅವಳ ದನಿಗೆ ಮೈಕು ಬೇಕಾಗಲಿಲ್ಲ.

"ನನ್ನ ಗಂಡ ಕೊಡ್ಲಿ ಹಾಕ್ಯಾನ, ಖರೆ. ಅಂವಗ ಏನ್ ಶಿಕ್ಷಾ ಕೊಡ್ತೀರಿ ಕೊಡ್ರಿ. ಹಾಕಿಸಿದಾಂವ ನಿಮ್ಮ ಬಾಜೂಕ ಹಾರ ಹಾಕ್ಕೊಂಡ ನಿಂತಾನ. ಅಂವನ್ನೂ ಅದಽ ಜೀಪಿನ್ಯಾಗ ಕುಂಡ್ರಸ್ರಿ. ನಾಳಿಗೆ ಜೆಸಿಬಿ ಬರ್ತೈತ್ರಿ, ಉಳದ ಜಾಲಿ ಕೀಳಾಕ. ಬರಂಗಿಲ್ಲ ಅಂತ ಇಲ್ಲೇ, ಎಲ್ಲಾರ ಮುಂದ ಹೇಳ್ರಿ."

ಮಂತ್ರಿ ಇನಾಮದಾರನ ಮುಖ ನೋಡಿದ. ಜಂಗಲ್ ಸಾಹೇಬ ತನ್ನ ಬೂಟು ನೋಡಿಕೊಂಡ.

"ಎಳದು ಒಗೀರಿ ಈ ಸೂಳೇರ್ನ!" ಇನಾಮದಾರ ಪೊಲೀಸರ ಮೇಲೆ ಕೂಗಿದ.

ಪೇದೆಗಳು ಮುಂದೆ ಬಂದರು. ಹಿಡಿಯುವುದೆಲ್ಲಿ ಎಂದು ತಿಳಿಯದೆ ತಗ್ಗಿನ ಅಂಚಿನಲ್ಲಿ ನಿಂತರು. ಫೌಜದಾರ ಲಾಠಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡ. ಆಚೆ ರಸ್ತೆಯಲ್ಲಿ ಅವನ ವ್ಯಾನು ಗುರ್ ಎನ್ನುತ್ತ ತಿರುಗಿ ನಿಲ್ಲುತ್ತಿತ್ತು.

"ಏಳ್ತೀಯೋ ಇಲ್ಲೋ?" ಎಂದ.

ಪಾರವ್ವ ಎರಡೂ ಕೈ ಚಾಚಿ ಅಂಚಿನ ಮಣ್ಣನ್ನು ತನ್ನ ಕಡೆ ಎಳೆದುಕೊಂಡಳು. ಕಾಲಿನ ಸುತ್ತ ತುಂಬಿದಳು, ಮೊಣಕಾಲಿನ ತನಕ ತುಂಬಿದಳು. ತುಂಬಿ, ಅಂಗೈಯಿಂದ ಒತ್ತಿ ಒತ್ತಿ ಗಟ್ಟಿ ಮಾಡತೊಡಗಿದಳು.